ದಾಖಲೆಯ ತಲೆಯಲ್ಲಿರುವ ನಾಲ್ಕು ಬೈಟ್

ಪ್ರಶ್ನೆ: ಮೇನ್‌ಫ್ರೇಮ್‌ನಲ್ಲಿ ಕೋಬಾಲ್ ಪ್ರೋಗ್ರಾಂ ಬರೆದ ಫೈಲನ್ನು ಸಿ ಭಾಷೆಯಲ್ಲಿ ಓದಿದರೆ, ಪ್ರತಿ ದಾಖಲೆಯ ಮುಂದೆ ನಾಲ್ಕು ವಿಚಿತ್ರ ಬೈಟ್‌ಗಳು ಬರುತ್ತವೆ. ಏನಿವು?

ಉತ್ತರ: ಅವು ಕಸವಲ್ಲ, ಅಳಿಸಬೇಡಿ. ಒಂದೊಂದು ದಾಖಲೆಯೂ ಒಂದೊಂದು ಉದ್ದವಿದ್ದಾಗ, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಯಾರಾದರೂ ಹೇಳಲೇಬೇಕು. ಐಬಿಎಂ ಮೇನ್‌ಫ್ರೇಮ್‌ನಲ್ಲಿ ಆ ಕೆಲಸ ಇವುಗಳದ್ದು. ಮೊದಲೆರಡು ಬೈಟ್‌ಗಳಲ್ಲಿ ಉದ್ದ, ಉಳಿದೆರಡರಲ್ಲಿ ಸಾಮಾನ್ಯವಾಗಿ ಸೊನ್ನೆ. ಆ ಉದ್ದದ ಲೆಕ್ಕದಲ್ಲಿ ಈ ನಾಲ್ಕೂ ಸೇರಿರುತ್ತವೆ. ಹಲವರು ಎಡವುವುದು ಇಲ್ಲೇ. ಕೋಬಾಲ್‌ನಲ್ಲಿ ಬರೆಯುವವರಿಗೆ ಇವು ಕಾಣಿಸುವುದಿಲ್ಲ, ವ್ಯವಸ್ಥೆಯೇ ಕಳಚಿ ಕೊಡುತ್ತದೆ. ಸಿ ಭಾಷೆಗಾದರೋ ಫೈಲ್ ಎಂದರೆ ಬರೀ ಬೈಟ್‌ಗಳ ಸಾಲು.

‘ಕನ್ನಡ’ ಎಂಬ ಪದವನ್ನೇ ಒಂದು ದಾಖಲೆಯೆನ್ನಿ. ಕಣ್ಣಿಗೆ ಮೂರಕ್ಷರ. ಯೂನಿಕೋಡ್‌ನಲ್ಲಿ ಐದು ಸಂಕೇತ, ಏಕೆಂದರೆ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಗೂ (್) ಒಂದು ಸ್ಥಾನ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3ರಂತೆ 15 ಬೈಟ್. ತಲೆಯ 4 ಸೇರಿ 19. ಮೇನ್‌ಫ್ರೇಮ್ ಇದನ್ನು 0, 19 ಎಂಬ ಕ್ರಮದಲ್ಲಿ ಬರೆಯುತ್ತದೆ. ಇಂಟೆಲ್ ಯಂತ್ರದಲ್ಲಿ ಬೈಟ್‌ಗಳ ಕ್ರಮ ಉಲ್ಟಾ. ಹಾಗೇ ಓದಿದರೆ ಉದ್ದ 4,864 ಆಗಿ, ಮುಂದಿನ ದಾಖಲೆಗಳನ್ನೆಲ್ಲ ನುಂಗಿಬಿಡುತ್ತದೆ!

ಉದ್ದದ ಲೆಕ್ಕ ಎಲ್ಲೆಡೆ ಒಂದೇ ಅಲ್ಲ. ಜಾವಾ ಭಾಷೆಯ ರೈಟ್‌ಯುಟಿಎಫ್ ಎಂಬ ವಿಧಾನ ಕೂಡ ಎರಡು ಬೈಟ್‌ಗಳಲ್ಲಿ ಉದ್ದ ಬರೆಯುತ್ತದೆ, ಆದರೆ ಆ ಎರಡನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ.

ಹಾಗಾಗಿ ಕೋಡ್ ಬರೆಯುವ ಮೊದಲು ಫೈಲ್ ಕೊಟ್ಟವರನ್ನು ಕೇಳಿ: ಉದ್ದದಲ್ಲಿ ತಲೆಯೂ ಸೇರಿದೆಯೇ, ಬೈಟ್‌ಗಳ ಕ್ರಮ ಯಾವುದು, ಎಣಿಸಿರುವುದು ಅಕ್ಷರವನ್ನೋ ಬೈಟನ್ನೋ?