56 ವರ್ಷ ಕಾದ ಚಿನ್ನ

ಮೈಸೂರಿನ ಕ್ರೀಡಾಪಟು ಎಂದೊಡನೆ ನೆನಪಾಗುವುದು 236 ಟೆಸ್ಟ್ ವಿಕೆಟ್ ಪಡೆದ ವೇಗಿ ಜಾವಗಲ್ ಶ್ರೀನಾಥ್. ಆದರೆ ಇದೇ ಊರಲ್ಲಿ 1983ರಲ್ಲಿ ಹುಟ್ಟಿದ ವಿಕಾಸ್ ಗೌಡರನ್ನು ಎಷ್ಟು ವಿದ್ಯಾರ್ಥಿಗಳು ಬಲ್ಲರು?

ತಂದೆ ಶಿವೇಗೌಡರು ಅಥ್ಲೆಟಿಕ್ಸ್ ತರಬೇತುದಾರರು. ಮಗ ಬೆಳೆದದ್ದು ಅಮೆರಿಕದಲ್ಲಿ. ಕಣಕ್ಕಿಳಿದದ್ದು ಮಾತ್ರ ಭಾರತದ ಪರವಾಗಿ. 2004ರಿಂದ 2016ರವರೆಗೆ ಸತತ ನಾಲ್ಕು ಒಲಿಂಪಿಕ್ಸ್!

ಎರಡೂವರೆ ಮೀಟರ್ ಅಗಲದ ವೃತ್ತ, ಕೈಯಲ್ಲಿ ಎರಡು ಕಿಲೋ ತೂಕದ ಡಿಸ್ಕಸ್. ಒಂದೂವರೆ ಸುತ್ತು ಗಿರ್ರನೆ ತಿರುಗಿ ಎಸೆಯಬೇಕು. ಕಾಲು ಗೆರೆ ದಾಟಿದರೆ ಎಸೆತವೇ ವ್ಯರ್ಥ. 2012ರ ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅವರು 64.79 ಮೀಟರ್ ಎಸೆದರು. ಸಿಕ್ಕಿದ್ದು ಎಂಟನೇ ಸ್ಥಾನ. ಎರಡು ವರ್ಷದ ಬಳಿಕ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅದಕ್ಕಿಂತ ಕಡಿಮೆ, 63.64 ಮೀಟರ್. ಸಿಕ್ಕಿದ್ದು ಚಿನ್ನ! ಮಕ್ಕಳ ರ‍್ಯಾಂಕ್ ಎಣಿಸುವ ಅಪ್ಪ ಅಮ್ಮಂದಿರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಆ ಕೂಟದ ಪುರುಷರ ಅಥ್ಲೆಟಿಕ್ಸ್‌ನಲ್ಲಿ ಭಾರತಕ್ಕೆ ಚಿನ್ನವೇ ಬಂದಿರಲಿಲ್ಲ. 2017ರಲ್ಲಿ ವಿಕಾಸ್ ಅವರಿಗೆ ಪದ್ಮಶ್ರೀ ಸಂದಿತು. ಮರುವರ್ಷ ಅವರು ನಿವೃತ್ತರಾದರು.