ಹೇಳಲಾರದ ಅಂಜಿಕೆಯನ್ನು ಅಳೆಯುವುದೆಂತು?

ಜ್ವರವನ್ನು ಅಳೆಯಲು ಉಷ್ಣಮಾಪಕವುಂಟು. ಮಗುವಿನ ಆತಂಕವನ್ನು ಅಳೆಯಲು ಅಂಥ ಗಾಜಿನ ಕೊಳವೆಯಿಲ್ಲ. ಮಗುವನ್ನೇ ಕೇಳಬೇಕು, ಇಲ್ಲವೆ ತಾಯಿತಂದೆಗಳನ್ನು ಕೇಳಬೇಕು. ಇದಕ್ಕೆಂದೇ ಪ್ರಶ್ನಾವಳಿಗಳಿವೆ. ‘ಎಂದೂ ಇಲ್ಲ’, ‘ಒಮ್ಮೊಮ್ಮೆ’, ‘ಯಾವಾಗಲೂ’ ಎಂಬ ಉತ್ತರಗಳಿಗೆ ಅಂಕಗಳನ್ನಿತ್ತು ಕೂಡಿದರೆ ಬರುವ ಮೊತ್ತವೇ ಅಳತೆ. ಉಷ್ಣಮಾಪಕಕ್ಕೆ ಗೆರೆ ಹಾಕುವ ಮುನ್ನ ಅದನ್ನು ಕರಗುವ ಮಂಜಿನಲ್ಲಿಯೂ ಕುದಿಯುವ ನೀರಿನ ಹಬೆಯಲ್ಲಿಯೂ ಇಟ್ಟು ನೋಡುವುದನ್ನು ವಾಚಕರು ಬಲ್ಲರು. ಈ ಪ್ರಶ್ನಾವಳಿಗಳಿಗೆ ಗೆರೆ ಹಾಕಿದ್ದು ಯಾರನ್ನು ನೋಡಿ? ಬಹುಮಟ್ಟಿಗೆ, ಆಟಿಸಂ ಇಲ್ಲದ ಮಕ್ಕಳನ್ನು ನೋಡಿ. ತೊಡಕಿನ ಮೂಲ ಅಲ್ಲಿದೆ.

ಆಟಿಸಂ ಎಂಬುದು ಮೆದುಳಿನ ಬೆಳವಣಿಗೆಯಲ್ಲಿಯೇ ಇರುವ ಒಂದು ಭಿನ್ನತೆ. ಅಂಥ ಮಕ್ಕಳು ಇತರರೊಡನೆ ಬೆರೆಯುವ ರೀತಿ ಬೇರೆ. ನಿತ್ಯದ ಕ್ರಮ ತಪ್ಪಿದರೆ ಅನೇಕರಿಗೆ ತಳಮಳ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳನ್ನು ವರ್ಣಿಸಿದನು. ಅವರಲ್ಲಿ ಕೆಲವರು ಮೂರು ಗಾಲಿಯ ಸೈಕಲ್ಲಿಗೆ, ಲಿಫ್ಟಿಗೆ, ಧೂಳು ಹೀರುವ ಯಂತ್ರಕ್ಕೆ, ಹರಿಯುವ ನೀರಿಗೆ, ಬೀಸುವ ಗಾಳಿಗೆ ಸಹ ಬೆದರುತ್ತಿದ್ದರು. ಸದ್ದೇ ಇದಕ್ಕೆ ಕಾರಣವೆನ್ನೋಣವೆ? ಅಷ್ಟೇ ದೊಡ್ಡ ಸದ್ದನ್ನು ತಾವೇ ಎಬ್ಬಿಸುವಾಗ ಅವರಿಗೆ ಸಂತೋಷವೇ ಆಗುತ್ತಿತ್ತು! ಹೊರಗಿನಿಂದ ಅನಿರೀಕ್ಷಿತವಾಗಿ ನುಗ್ಗಿಬರುವುದು ಅವರನ್ನು ಕಂಗೆಡಿಸುತ್ತಿತ್ತೆಂದು ಕ್ಯಾನರ್ ಬಗೆದನು. ಎಂತಹ ಸೂಕ್ಷ್ಮ ವೀಕ್ಷಣೆ! ನಾಯಿ, ಕತ್ತಲೆ, ಪರೀಕ್ಷೆಗಳನ್ನು ಕುರಿತು ಕೇಳುವ ಸಾಮಾನ್ಯ ಪ್ರಶ್ನಾವಳಿಗೆ ಇಂಥ ಅಂಜಿಕೆ ಸಿಕ್ಕುವುದೇ ಇಲ್ಲ.

ಹುಡುಗನೊಬ್ಬ ಗೆಳೆಯರ ಗುಂಪಿನಿಂದ ದೂರ ನಿಲ್ಲುತ್ತಾನೆ ಎನ್ನೋಣ. ಅವರು ನಕ್ಕಾರೆಂಬ ಭಯವೊ, ಆ ಗುಂಪೇ ಅವನಿಗೆ ಬೇಡವೊ? ಮೊದಲನೆಯದು ಆತಂಕ, ಎರಡನೆಯದು ಅಲ್ಲ. ಪ್ರಶ್ನಾವಳಿ ಎರಡಕ್ಕೂ ಒಂದೇ ಅಂಕ ಕೊಟ್ಟೀತು. ಇನ್ನೊಬ್ಬಳು ತನ್ನ ಒಳಗಿನ ಕಳವಳಕ್ಕೆ ಹೆಸರಿಡಲರಿಯದೆ ಎಲ್ಲಕ್ಕೂ ‘ಎಂದೂ ಇಲ್ಲ’ ಎಂದು ಗುರುತು ಹಾಕುತ್ತಾಳೆ. ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಹೊಟ್ಟೆನೋವು. ಹಿರಿಯರು ‘ಅದು ಆಟಿಸಂನ ಸ್ವಭಾವ’ ಎಂದು ಸುಮ್ಮನಾಗುತ್ತಾರೆ. ಈ ಎರಡನೆಯ ತಪ್ಪೇ ಹೆಚ್ಚು ಕ್ರೂರವೆಂದು ನಮ್ಮ ಎಣಿಕೆ.

ಹಾಗಾದರೆ ಎದೆಬಡಿತವನ್ನೂ ಚರ್ಮದ ವಿದ್ಯುದ್ವಾಹಕತೆಯನ್ನೂ ಅಳೆಯಬಾರದೆ? ಭೌತವಿಜ್ಞಾನ ಕಲಿಸುವ ನಮಗೆ ಈ ಆಸೆ ಸಹಜವೇ. ಆದರೆ ಓಡಿದರೂ ಹಿಗ್ಗಿದರೂ ಎದೆ ಬಡಿದುಕೊಳ್ಳುತ್ತದೆ. ಮೇಲಾಗಿ, ಸ್ಪರ್ಶವನ್ನೇ ಸಹಿಸದ ಮಗುವಿನ ಮೈಗೆ ತಂತಿ ಅಂಟಿಸಿದರೆ ಅಳೆಯುವ ಕ್ರಿಯೆಯೇ ಆತಂಕವನ್ನು ಏರಿಸಿಬಿಡುತ್ತದೆ.

ಸಾಧನವನ್ನೇ ತಿದ್ದುವ ಯತ್ನಗಳೂ ನಡೆದಿವೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದ ಜಾಕಿ ರಾಜರ್ಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಮಾಪಕದಲ್ಲಿ 24 ಹೇಳಿಕೆಗಳಿವೆ. ಮುಂದೇನಾಗುವುದೋ ತಿಳಿಯದ ಅನಿಶ್ಚಿತತೆಗೆ ಅದರಲ್ಲಿ ಪ್ರತ್ಯೇಕ ವಿಭಾಗವೇ ಉಂಟು. ಅಮೆರಿಕದಲ್ಲಿ ಕಾನರ್ ಕರ್ನ್ಸ್ ಮೊದಲಾದವರು ವೈದ್ಯರ ಸಂದರ್ಶನಕ್ಕೆ ಒಂದು ಅನುಬಂಧವನ್ನು ಸೇರಿಸಿದರು. ಮಗು ಏನು ಮಾಡುತ್ತದೆಂಬುದರ ಜೊತೆಗೆ ಏಕೆ ಮಾಡುತ್ತದೆಂಬುದನ್ನೂ ಅಲ್ಲಿ ವಿಚಾರಿಸುತ್ತಾರೆ.

ಇಷ್ಟು ಶ್ರಮವೇಕೆ? 2011ರಲ್ಲಿ ವಾನ್ ಸ್ಟೀನ್ಸೆಲ್ ಮತ್ತು ಜೊತೆಗಾರರು 31 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಟಿಸಂ ಇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಆತಂಕದ ಯಾವುದಾದರೊಂದು ತೊಂದರೆಯಿತ್ತು. ಅದಕ್ಕೆ ಚಿಕಿತ್ಸೆಯೂ ಇದೆ. 167 ಮಕ್ಕಳೊಡನೆ ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಟಿಸಂಗೆ ಹೊಂದಿಸಿದ ಮಾತಿನ ಚಿಕಿತ್ಸೆಯು ಸಾಮಾನ್ಯ ಕ್ರಮದ ಚಿಕಿತ್ಸೆಗಿಂತ ಹೆಚ್ಚು ಫಲ ನೀಡಿತು.

ಮಾತೇ ಬಾರದ ಮಕ್ಕಳ ವಿಷಯ ಇನ್ನೂ ಕಠಿನ. ಅಲ್ಲಿ ಹೋಲಿಕೆಗೆ ಆ ಮಗುವಿನ ನಿನ್ನೆ ಮೊನ್ನೆಯ ನಡವಳಿಕೆಯೇ ಆಧಾರ: ಊಟ ಕಡಿಮೆಯಾಯಿತೆ, ನಿದ್ದೆ ಕೆಟ್ಟಿತೆ, ದಿನವೂ ಹೋಗುತ್ತಿದ್ದ ದಾರಿಯಲ್ಲಿ ಕಾಲು ಹಿಂದೆ ಸರಿಯಿತೆ, ಕಿವಿ ಮುಚ್ಚಿಕೊಂಡದ್ದು ಯಾವ ಹೊತ್ತಿನಲ್ಲಿ ಎಂಬುದನ್ನು ಮನೆಯವರು ಬರೆದಿಟ್ಟ ಟಿಪ್ಪಣಿ ವೈದ್ಯರ ಕೈಗೆ ಬರಬೇಕು.