ಹೃದಯಾಘಾತದ ನಂತರ ರೈತನ ಬದುಕು ಮತ್ತು ದುಡಿಮೆ

ಹೃದಯಾಘಾತವೆಂದರೆ ಪಟ್ಟಣದಲ್ಲಿ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವವರ ಕಾಯಿಲೆ, ಮೈ ಬಗ್ಗಿಸಿ ದುಡಿಯುವ ರೈತನಿಗೆ ಅದು ಬರುವುದಿಲ್ಲ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಇದು ಸರಿಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನವು ತಂಬಾಕು, ರಕ್ತದಲ್ಲಿನ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಮೊದಲಾದ ಒಂಬತ್ತು ಅಂಶಗಳೇ ಹೃದಯಾಘಾತದ ಅಪಾಯದಲ್ಲಿ ಶೇಕಡಾ 90ರಷ್ಟಕ್ಕೆ ಕಾರಣವೆಂದು ತೋರಿಸಿತು. ಭಾರತ ಮತ್ತು ನೆರೆಯ ದೇಶಗಳವರಿಗೆ ಮೊದಲ ಆಘಾತವು ಬೇರೆಯವರಿಗಿಂತ ಐದಾರು ವರ್ಷ ಮುಂಚೆಯೇ, ಸುಮಾರು 53ನೆಯ ವಯಸ್ಸಿನ ಆಸುಪಾಸಿನಲ್ಲಿ ಬರುತ್ತದೆಂಬುದೂ ಅದರಿಂದ ತಿಳಿದುಬಂತು. ಅಂದರೆ ಮಕ್ಕಳ ಓದು, ಮದುವೆ, ಬ್ಯಾಂಕಿನ ಸಾಲ ಎಲ್ಲವೂ ತಲೆಯ ಮೇಲಿರುವ ವಯಸ್ಸು.

ಆಘಾತವಾದ ಕ್ಷಣದಲ್ಲಿ ಮಾಡಬೇಕಾದುದರ ಬಗ್ಗೆ ಈಗ ಸಾಕಷ್ಟು ಪ್ರಚಾರ ನಡೆದಿದೆ. ಆಸ್ಪತ್ರೆಯಿಂದ ಮನೆಗೆ ಬಂದ ರೈತ ಮುಂದೇನು ಮಾಡಬೇಕೆಂಬುದನ್ನು ಹೇಳುವವರು ಕಡಿಮೆ. ನೇಗಿಲು ಹಿಡಿಯಬಹುದೇ? ಮೂಟೆ ಎತ್ತಬಹುದೇ? ಔಷಧಿ ಸಿಂಪಡಿಸಬಹುದೇ? ಈ ಲೇಖಕನು 44ನೆಯ ವಯಸ್ಸಿನಲ್ಲಿ ಹೃದಯಾಘಾತಕ್ಕೊಳಗಾಗಿ, ಚಿಕಿತ್ಸೆ ಪಡೆದು, ಮತ್ತೆ ಪ್ರಯೋಗ ತಾಕುಗಳಲ್ಲಿ ಕೆಲಸ ಮಾಡುತ್ತಿರುವವನು. ಹಳ್ಳಿಗಳಿಗೆ ಹೋದಾಗ ಬೆಳೆಯ ವಿಷಯ ಮುಗಿದ ಮೇಲೆ ರೈತರು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳಿವು. ಆದ್ದರಿಂದ ಈ ಲೇಖನ.

ಹೃದಯದಲ್ಲಿ ಆಗುವುದೇನು?

ಹೃದಯವು ಇಡೀ ದೇಹಕ್ಕೆ ರಕ್ತವನ್ನು ಒತ್ತುವ ಪಂಪು. ಈ ಪಂಪಿನ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ವರ್ಷಾನುಗಟ್ಟಲೆ ಶೇಖರವಾಗುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಾಳ ಮುಚ್ಚಿಹೋಗುತ್ತದೆ. ತೂಬು ಮುಚ್ಚಿದರೆ ಅದರ ಕೆಳಗಿನ ಗದ್ದೆ ಒಣಗುವಂತೆ, ಆ ನಾಳವನ್ನು ನಂಬಿದ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ. ಆರರಿಂದ ಎಂಟು ವಾರಗಳಲ್ಲಿ ಆ ಜಾಗ ಗಟ್ಟಿಯಾದ ಕಲೆಯಾಗಿ ಮಾಯುತ್ತದೆ.

ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುತ್ತಾರೆ, ಇಲ್ಲವೇ ಸ್ಟೆಂಟ್ ಎಂಬ ಸಣ್ಣ ಲೋಹದ ಜಾಲರಿಯನ್ನು ಕೂರಿಸಿ ನಾಳವನ್ನು ತೆರೆಯುತ್ತಾರೆ. ಇಲ್ಲಿ ಒಂದು ಮುಖ್ಯ ಸಂಗತಿಯನ್ನು ರೈತರು ಅರಿಯಬೇಕು. ಸ್ಟೆಂಟ್ ಹಾಕಿದ್ದು ಮುಚ್ಚಿಹೋದ ಒಂದು ಜಾಗಕ್ಕೆ ಮಾತ್ರ. ಉಳಿದ ನಾಳಗಳಲ್ಲಿ ಕೊಬ್ಬು ಕೂರಿಸಿದ ಕಾರಣಗಳು ಹಾಗೆಯೇ ಇರುತ್ತವೆ. ಜೀವ ಉಳಿದದ್ದು ಒಂದು ದಿನದ ಚಿಕಿತ್ಸೆಯಿಂದ. ಅದನ್ನು ಉಳಿಸಿಕೊಳ್ಳುವುದು ಪ್ರತಿದಿನದ ಕ್ರಮದಿಂದ. ನೋವು ಹೋಯಿತೆಂದು ಆರು ತಿಂಗಳಿಗೆ ಮಾತ್ರೆ ನಿಲ್ಲಿಸಿ ಮತ್ತೆ ಬೀಡಿ ಹಚ್ಚುವವರೇ ಎರಡನೆಯ ಆಘಾತಕ್ಕೆ ದಾರಿ ಮಾಡಿಕೊಡುತ್ತಾರೆ.

ಹಾಸಿಗೆಯಿಂದ ಹೊಲಕ್ಕೆ

ಹಿಂದಿನ ಕಾಲದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. 1952ರಲ್ಲಿ ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಅವರು ರೋಗಿಗಳನ್ನು ಬೇಗನೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವುದೇ ಮೇಲೆಂದು ವರದಿ ಮಾಡಿದರು. ಮೂರು ವರ್ಷಗಳ ನಂತರ ಇಡೀ ಜಗತ್ತು ಈ ಮಾತನ್ನು ಗಮನಿಸುವಂತಹ ಪ್ರಸಂಗ ಬಂತು. 1955ರ ಸೆಪ್ಟೆಂಬರ್ 24ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಡೆನ್ವರ್‌ನಲ್ಲಿ ಹೃದಯಾಘಾತವಾಯಿತು. ಅಂದು ಬೆಳಗ್ಗೆ ಪತ್ರಿಕೆಗಳಿಗೆ ತಿಳಿಸಿದ್ದು ಅಜೀರ್ಣವೆಂದು! ಎದೆಯ ನೋವನ್ನು 'ಗ್ಯಾಸ್' ಎಂದು ಸೋಡಾ ಕುಡಿದು ಮಲಗುವುದು ನಮ್ಮ ಹಳ್ಳಿಯವರ ತಪ್ಪು ಮಾತ್ರವಲ್ಲ.

ಅವರನ್ನು ನೋಡಿದ ತಜ್ಞ ಡಾ. ಪಾಲ್ ಡಡ್ಲಿ ವೈಟ್, ಹಂತಹಂತವಾಗಿ ಚಟುವಟಿಕೆಗೆ ಮರಳಬೇಕೆಂಬ ಅಭಿಪ್ರಾಯದವರು. ಏಳು ವಾರಗಳ ನಂತರ ಆಸ್ಪತ್ರೆಯಿಂದ ಹೊರಬಂದ ಐಸೆನ್‌ಹೋವರ್, ಗೆಟಿಸ್‌ಬರ್ಗ್ ಎಂಬಲ್ಲಿದ್ದ ತಮ್ಮ ತೋಟದ ಮನೆಯಲ್ಲಿ ಚೇತರಿಸಿಕೊಂಡರು. 1956ರಲ್ಲಿ ಮತ್ತೆ ಚುನಾವಣೆ ಗೆದ್ದರು. ಮುಂದೆ ಮತ್ತೆ ಆಘಾತಗಳು ಬಂದವಾದರೂ ಅವರು ಬದುಕಿದ್ದು 1969ರವರೆಗೆ. ಇಂದಿನ ಚುಚ್ಚುಮದ್ದು, ಸ್ಟೆಂಟ್‌ಗಳಾವುವೂ ಇಲ್ಲದ ಕಾಲದಲ್ಲಿ ಹದಿಮೂರು ವರ್ಷ. ಇಂದು ತೊಡಕಿಲ್ಲದ ರೋಗಿಯನ್ನು ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ.

ಕೆಲಸಗಳನ್ನು ಆರಂಭಿಸುವ ಕ್ರಮ

ಹೃದಯದ ಶಕ್ತಿ ಎಷ್ಟು ಉಳಿದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎಕೋ ಪರೀಕ್ಷೆಯ ವರದಿಯಲ್ಲಿ 'ಇ.ಎಫ್.' ಎಂದು ಒಂದು ಅಂಕಿ ಇರುತ್ತದೆ. ಪ್ರತಿ ಬಡಿತಕ್ಕೆ ಹೃದಯವು ತನ್ನಲ್ಲಿರುವ ರಕ್ತದ ಶೇಕಡಾ ಎಷ್ಟನ್ನು ಹೊರಕ್ಕೆ ಒತ್ತುತ್ತದೆ ಎಂಬುದೇ ಅದು. ಸಾಮಾನ್ಯವಾಗಿ ಇದು 50ಕ್ಕೂ ಮೇಲಿರುತ್ತದೆ. 40ಕ್ಕಿಂತ ಕಡಿಮೆಯಿದ್ದರೆ ಪಂಪು ದುರ್ಬಲವಾಗಿದೆ ಎಂದರ್ಥ. ವೈದ್ಯರನ್ನು ಈ ಅಂಕಿ ಎಷ್ಟೆಂದು ಕೇಳಿ, ಬರೆದಿಟ್ಟುಕೊಳ್ಳಿ. ಕೆಳಗಿನ ಕ್ರಮವು ತೊಡಕಿಲ್ಲದೆ ಚೇತರಿಸಿಕೊಳ್ಳುತ್ತಿರುವವರಿಗೆ; ಉಳಿದವರು ವೈದ್ಯರು ಹೇಳಿದಷ್ಟನ್ನೇ ಮಾಡತಕ್ಕದ್ದು.

1. ಮೊದಲ ಎರಡು ವಾರ: ಮನೆ ಮತ್ತು ಅಂಗಳದಲ್ಲಿ ದಿನಕ್ಕೆ ಎರಡು ಸಾರಿ, ಐದರಿಂದ ಹದಿನೈದು ನಿಮಿಷ ನಡಿಗೆ. ನೀರಿನ ಕೊಡ, ಸಗಣಿ ಬುಟ್ಟಿ ಎತ್ತಬಾರದು.

2. ಮೂರರಿಂದ ಆರನೆಯ ವಾರ: ಸಮತಟ್ಟಾದ ದಾರಿಯಲ್ಲಿ ನಡಿಗೆಯನ್ನು ನಿಧಾನವಾಗಿ ಅರ್ಧ ಗಂಟೆಗೆ ಏರಿಸಿ. ಹೊಲದ ಬದುವಿನ ಮೇಲೆ ಓಡಾಡಿ ಬೆಳೆ ನೋಡುವುದು, ಬೀಜ ಆರಿಸುವುದು, ಸಸಿಮಡಿಗೆ ಪೈಪಿನಿಂದ ನೀರು ಹಾಯಿಸುವುದು ಮುಂತಾದ ಹಗುರ ಕೆಲಸಗಳನ್ನು ಮಾಡಬಹುದು.

3. ಆರು ವಾರಗಳ ನಂತರ: ವೈದ್ಯರು ಪರೀಕ್ಷಿಸಿ ಒಪ್ಪಿದ ಮೇಲೆ ಹಾಲು ಕರೆಯುವುದು, ಕಳೆ ತೆಗೆಯುವುದು, ಮೇವು ಕೊಯ್ಯುವುದು. ಇವನ್ನು ಬೆಳಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ಮಾಡುವುದು ಲೇಸು.

4. ಮೂರು ತಿಂಗಳ ನಂತರ: ಉಳುಮೆ, ಗುದ್ದಲಿ ಕೆಲಸ, ಒಕ್ಕಣೆಯಂತಹ ಭಾರೀ ಕೆಲಸಗಳ ಬಗ್ಗೆ ಯೋಚಿಸಬಹುದು. ಇದಕ್ಕೆ ಮುನ್ನ ವೈದ್ಯರ ಅನುಮತಿ ಅವಶ್ಯ. ಬೈಪಾಸ್ ಶಸ್ತ್ರಚಿಕಿತ್ಸೆಯಾದವರ ಎದೆಯ ಮೂಳೆ ಕೂಡಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಭಾರ ಎತ್ತಲೇಬಾರದು.

ಕೆಲಸ ಹೆಚ್ಚಾಯಿತೇ ಎಂದು ತಿಳಿಯಲು ಸುಲಭ ಉಪಾಯವೊಂದಿದೆ. ಕೆಲಸ ಮಾಡುತ್ತಲೇ ಪಕ್ಕದವರೊಡನೆ ಆರಾಮವಾಗಿ ಮಾತನಾಡಲು ಆಗಬೇಕು. ಮಾತು ತುಂಡಾಗಿ ಏದುಸಿರು ಬಂದರೆ ಕೆಲಸ ನಿಲ್ಲಿಸಿ ಕುಳಿತುಕೊಳ್ಳಿ.

ಮೂಟೆ ಎತ್ತುವಾಗ ನಾವು ಉಸಿರು ಬಿಗಿಹಿಡಿಯುತ್ತೇವೆ. ಆಗ ರಕ್ತದೊತ್ತಡ ತಟ್ಟನೆ ಏರುತ್ತದೆ. ಯೂರಿಯಾ ಚೀಲ 45 ಕಿಲೋ, ಡಿ.ಎ.ಪಿ. ಚೀಲ 50 ಕಿಲೋ. ಇವನ್ನು ಒಬ್ಬರೇ ಎತ್ತದೆ ಬಕೆಟ್ಟಿನಲ್ಲಿ ತುಂಬಿ ಸಾಗಿಸುವುದು ಉತ್ತಮ. 16 ಲೀಟರಿನ ಸಿಂಪರಣಾ ಯಂತ್ರ ತುಂಬಿದರೆ 20 ಕಿಲೋ ಮೀರುತ್ತದೆ. ಅಲ್ಲದೆ ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು ಮೈಸೇರಿದರೆ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲವು. ಆಘಾತವಾದ ರೈತ ಸಿಂಪರಣೆಯನ್ನು ಬೇರೆಯವರಿಗೆ ವಹಿಸುವುದೇ ಸರಿ.

ಬೆಳೆ ಪದ್ಧತಿಯನ್ನೂ ಸ್ವಲ್ಪ ಬದಲಿಸಬಹುದು. ಎಲ್ಲ ಜಮೀನಿಗೂ ಒಂದೇ ವಾರ ನಾಟಿ, ಒಂದೇ ವಾರ ಕೊಯ್ಲು ಬರುವಂತೆ ಮಾಡದೆ, ಬೇರೆ ಬೇರೆ ಅವಧಿಯ ತಳಿಗಳನ್ನು ಆರಿಸಿದರೆ ದುಡಿಮೆ ಹಂಚಿಹೋಗುತ್ತದೆ. ಕೂಲಿಗೆ ಖರ್ಚಾದೀತೆಂಬ ಚಿಂತೆ ಸಹಜ. ಆದರೆ ಎರಡನೆಯ ಆಘಾತದ ಖರ್ಚು ಅದಕ್ಕಿಂತ ಬಹಳ ದೊಡ್ಡದು.

ಮಾತ್ರೆಗಳನ್ನು ಬಿಡಬೇಡಿ

1988ರಲ್ಲಿ 17,187 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದು ಪ್ರಕಟವಾಯಿತು. ಅತಿ ಅಗ್ಗದ ಆಸ್ಪಿರಿನ್ ಮಾತ್ರೆಯೊಂದರಿಂದಲೇ ಮೊದಲ ಐದು ವಾರಗಳ ಸಾವುಗಳು ಐದರಲ್ಲಿ ಒಂದಕ್ಕೂ ಹೆಚ್ಚು ಪಾಲು ಕಡಿಮೆಯಾದವು. ಇಂದು ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆಗೆ ಹೆಪ್ಪು ತಡೆಯುವ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಇದನ್ನು ನಡುವೆ ಬಿಟ್ಟರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಕುತ್ತು ಬರಬಹುದು. ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ ಸಾಧಾರಣವಾಗಿ ಜೀವನಪರ್ಯಂತ ಬೇಕು.

ಈ ಮಾತ್ರೆಗಳನ್ನು ತೆಗೆದುಕೊಳ್ಳುವಾಗ ಕುಡುಗೋಲು ತಗುಲಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ. ಹಲ್ಲು ಕೀಳಿಸುವ ಮೊದಲು ವೈದ್ಯರಿಗೆ ತಿಳಿಸಿ. ಅಡಿಕೆ, ತೆಂಗಿನ ಮರ ಹತ್ತುವುದನ್ನು ಬಿಡಿ. ಮಲ ಕಪ್ಪಾದರೆ ಕೂಡಲೇ ವೈದ್ಯರನ್ನು ಕಾಣಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಊಟ ಮತ್ತು ಚಟ

ಹೃದಯಕ್ಕೆ ಬೇಕಾದ ಆಹಾರ ದುಬಾರಿಯದಲ್ಲ. ಬಹುಪಾಲು ನಮ್ಮ ಹೊಲದಲ್ಲೇ ಇದೆ. ಹುರುಳಿ, ಹೆಸರು, ಅಲಸಂದೆ, ಅವರೆ, ದಂಟು, ಹರಿವೆ, ನುಗ್ಗೆ ಸೊಪ್ಪು, ಪೇರಲ, ಪಪ್ಪಾಯಿ, ಒಂದು ಹಿಡಿ ಉಪ್ಪಿಲ್ಲದ ಕಡಲೆಕಾಯಿ. ಮುದ್ದೆ, ಅನ್ನದ ಪ್ರಮಾಣ ಇಳಿಸಿ, ಆ ಜಾಗಕ್ಕೆ ಕಾಳು, ಸೊಪ್ಪು ಸೇರಿಸಿ. ಸಕ್ಕರೆ ಕಾಯಿಲೆಯಿದ್ದವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ಕಡಲೆಕಾಯಿ ಎಣ್ಣೆಯಲ್ಲಿ ಗಟ್ಟಿ ಕೊಬ್ಬಿನ ಅಂಶ ಐದರಲ್ಲಿ ಒಂದು ಪಾಲಿನಷ್ಟು. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ. ಕೊಬ್ಬರಿ ಎಣ್ಣೆಯಲ್ಲಿ ಬಹುಪಾಲು ಅದೇ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರಿದೆ.

ಎಲ್ಲಕ್ಕಿಂತ ಮುಖ್ಯವಾದುದು ತಂಬಾಕು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಅದು ಹಣದ ಬೆಳೆಯಾಗಿರಬಹುದು. ಆಘಾತವಾದ ದೇಹಕ್ಕೆ ಅದು ಶತ್ರು. 20 ಅಧ್ಯಯನಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಹೃದಯ ಕಾಯಿಲೆಯ ನಂತರ ಧೂಮಪಾನ ಬಿಟ್ಟವರಲ್ಲಿ ಸಾವಿನ ಪ್ರಮಾಣ, ಬಿಡದವರಿಗಿಂತ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ. ಬೀಡಿ ಬಿಟ್ಟು ಹೊಗೆಸೊಪ್ಪು ಜಗಿಯುವುದು ಪರಿಹಾರವಲ್ಲ. ಮದ್ಯವೂ ಬೇಡ.

ಮನಸ್ಸಿನ ಭಯ

ದೇಹಕ್ಕಿಂತ ಮನಸ್ಸು ಚೇತರಿಸಿಕೊಳ್ಳಲು ಹೆಚ್ಚು ದಿನ ಹಿಡಿಯುತ್ತದೆ. ಸಣ್ಣ ನೋವಿಗೂ ಗಾಬರಿ, ರಾತ್ರಿ ನಿದ್ದೆಯಿಲ್ಲ, ಮಕ್ಕಳ ಮೇಲೆ ಸಿಡಿಮಿಡಿ, 'ಇನ್ನು ನಾನು ಯಾತಕ್ಕೂ ಬಾರದವನು' ಎಂಬ ಕೊರಗು ಅನೇಕರಿಗೆ ಬರುತ್ತದೆ. ಇದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು, ಇದಕ್ಕೂ ಚಿಕಿತ್ಸೆಯಿದೆ. ದಾಂಪತ್ಯ ಜೀವನದ ಬಗ್ಗೆಯೂ ಸಂಕೋಚವಿಲ್ಲದೆ ಕೇಳಿ. ಮನೆಯವರು ರೋಗಿಯನ್ನು ಮೂಲೆಗೆ ಕೂರಿಸದೆ, ಬೇಸಾಯದ ಲೆಕ್ಕಪತ್ರ, ಬಿತ್ತನೆಯ ನಿರ್ಧಾರಗಳನ್ನು ಅವರಿಗೇ ಬಿಡಬೇಕು.

ಈ ಲೇಖಕನಿಗೆ ನೆರವಾದದ್ದು ಒಂದು ನೋಟ್ ಪುಸ್ತಕ. ಪ್ರಯೋಗ ತಾಕಿನ ವಿವರ ಬರೆಯುವಂತೆ, ಪ್ರತಿದಿನ ನಡೆದ ನಿಮಿಷ, ನುಂಗಿದ ಮಾತ್ರೆ, ವಾರಕ್ಕೊಮ್ಮೆ ರಕ್ತದೊತ್ತಡ ಮತ್ತು ತೂಕ ಬರೆದಿಡುವುದು. ಮೂರನೆಯ ತಿಂಗಳಿಗೆ ಪುಟ ತಿರುವಿದಾಗ ಐದು ನಿಮಿಷದ ನಡಿಗೆ ನಲವತ್ತಕ್ಕೆ ಬಂದದ್ದು ಕಾಣುತ್ತದೆ. ಧೈರ್ಯಕ್ಕೆ ಅದಕ್ಕಿಂತ ಬೇರೆ ಮದ್ದಿಲ್ಲ.

ಮತ್ತೆ ನೋವು ಬಂದರೆ

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ ಬಂದರೆ ಕೆಲಸ ಬಿಟ್ಟು ಕುಳಿತು, ವೈದ್ಯರು ಕೊಟ್ಟಿರುವ ಮಾತ್ರೆಯನ್ನು ನಾಲಿಗೆಯ ಕೆಳಗಿಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಬೈಕಿನ ಹಿಂದೆ ಕುಳಿತು ಹೋಗಬೇಡಿ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು 2023ರಲ್ಲಿ 'ಹೃದಯ ಜ್ಯೋತಿ' ಯೋಜನೆಯನ್ನು ಆರಂಭಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿತು. ನಿಮ್ಮ ಸಮೀಪದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂಬುದನ್ನು ಇಂದೇ ವಿಚಾರಿಸಿಟ್ಟುಕೊಳ್ಳಿ.

ಒಟ್ಟಿನಲ್ಲಿ, ಹೃದಯಾಘಾತವು ರೈತನ ದುಡಿಮೆಯ ಕೊನೆಯಲ್ಲ. ಮಾತ್ರೆ ತಪ್ಪಿಸದೆ, ತಂಬಾಕು ಮುಟ್ಟದೆ, ಹಿತಮಿತವಾಗಿ ಉಂಡು, ದಿನವೂ ನಡೆದು, ಭಾರದ ಕೆಲಸವನ್ನು ಹಂಚಿಕೊಂಡರೆ ಇನ್ನೂ ಅನೇಕ ಮುಂಗಾರುಗಳನ್ನು ಹೊಲದಲ್ಲಿ ನಿಂತು ನೋಡಬಹುದು.